ಕಪ್ಪಲ್ ಮೂರ್ತಿ ಮನೆಗೆ ಬಂದಾಗ

ಕೆರೆಯ ಆಚೆ ದಡದ ಮಿಲಿಟರಿ ಮೈದಾನದಿಂದ ಬೆಳಗಿನ ಹೊತ್ತು ಬ್ಯೂಗಲ್ ಕೇಳಿಸುತ್ತದೆ. ಈಚೆಗೆ ಯಾರೋ ಹೊಸಬ ಊದುತ್ತಿರಬೇಕು. ದನಿ ಚೆನ್ನಾಗಿಯೇ ಮೇಲಕ್ಕೇರಿ, ಇನ್ನೇನು ತುದಿ ಮುಟ್ಟಬೇಕು ಎನ್ನುವಾಗ ಒಡೆದುಹೋಗುತ್ತದೆ. ಒಂದು ಗಳಿಗೆ ಸುಮ್ಮನಿದ್ದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮರ್ಫಿ ಟೌನಿನ ಆ ಓಣಿಯಲ್ಲಿ ಹಾಲು ತರಲು ಹೊರಟವರು, ನಲ್ಲಿಯ ಮುಂದೆ ಬಿಂದಿಗೆ ಇಟ್ಟವರು, ಎಲ್ಲರೂ ಆ ಒಡೆಯುವ ಜಾಗಕ್ಕೆ ಕಿವಿಗೊಟ್ಟು ನಿಲ್ಲುತ್ತಾರೆ. ಇವತ್ತೂ ಆಗಲಿಲ್ಲ ಪಾಪ ಎಂದುಕೊಂಡು ಮುಂದೆ ಹೋಗುತ್ತಾರೆ.

ಅಂಜನಮೂರ್ತಿ ರಜೆಗೆ ಬಂದ ತಿಂಗಳುಗಳಲ್ಲಿ ಹಂಸ ಅದನ್ನು ಹಾಸಿಗೆಯಿಂದಲೇ ಕೇಳುತ್ತಾಳೆ. ಎದ್ದು ಹೋಗುವುದಾದರೂ ಎಲ್ಲಿಗೆ? ಅಡುಗೆಮನೆಯಲ್ಲಿ ದೀಪ ಹತ್ತಿರುತ್ತದೆ. ಒಲೆಯ ಮುಂದೆ, ಅಲ್ಲಾಡುವ ನೆಲದ ಮೇಲೆ ನಿಂತವನಂತೆ ಕಾಲು ಅಗಲಿಸಿ ಗಂಡ ನಿಂತಿರುತ್ತಾನೆ. ಇಡ್ಲಿ, ಬ್ರೆಡ್ಡು, ಬೇಯಿಸಿದ ಮೊಟ್ಟೆ, ಒಂದು ಪಾತ್ರೆ ಗಂಜಿ, ಎಲ್ಲ ಆಗಲೇ ಸಿದ್ಧ. ಮನೆಯಲ್ಲಿ ಇರುವವರು ಗಂಡ, ಹೆಂಡತಿ, ಮಗಳು. ಅವನ ಕೈ ಮಾತ್ರ ಇನ್ನೂ ಇಡೀ ಹಡಗಿಗೆ ಬಡಿಸುತ್ತಿರುತ್ತದೆ.

"ಇಷ್ಟೊಂದು ಯಾರ್ ತಿಂತಾರ್ರೀ?"

"ರಾತ್ರಿ ವಾಚ್ ಡ್ಯೂಟಿ ಮುಗಿಸಿ ಬರೋರು…" ಎಂದು ಶುರುಮಾಡಿ, ತಿರುಗಿ ಅವಳ ಮುಖ ನೋಡಿ, ನಕ್ಕುಬಿಡುತ್ತಾನೆ. "ಆಯ್ತು, ಉಮ್ಮೆ ಕುಲ್ಸುಂ ಮನೆಗೆ ಕೊಟ್ಬಾ."

ಅವನು ಸರಕು ಹಡಗಿನ ಅಡುಗೆಯವನು. ಹಡಗಿನ ಮಂದಿ ಅಡುಗೆಯವನನ್ನು ಭಂಡಾರಿ ಎಂದು ಕರೆಯುತ್ತಾರೆ. ಓಣಿಯ ತಮಿಳರು ಹಡಗಿಗೆ ಕಪ್ಪಲ್ ಎನ್ನುವುದರಿಂದ ಅವನಿಗೆ ಕಪ್ಪಲ್ ಮೂರ್ತಿ ಎಂದು ಹೆಸರಿಟ್ಟರು, ಆಮೇಲೆ ಕನ್ನಡದವರೂ ಸಾಬರೂ ಅದನ್ನೇ ಹಿಡಿದರು. ಸಮುದ್ರದ ಗಾಳಿಯೂ ಸುಳಿಯದ ಈ ಊರಿನಿಂದ ಒಬ್ಬ ಹಡಗಿಗೆ ಹೋದನೆಂದರೆ ಅದಕ್ಕೊಂದು ಕಾರಣ ಇರಲೇಬೇಕಲ್ಲ. ಅವನಪ್ಪ ಮಿಲಿಟರಿ ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದರು. ದೊಡ್ಡ ಒಲೆ, ದೊಡ್ಡ ಸೌಟು, ಸಾಲಾಗಿ ಕೂತು ಉಣ್ಣುವ ಗಂಡಸರು, ಇವುಗಳ ನಡುವೆ ಬೆಳೆದ ಹುಡುಗನಿಗೆ ಮುಂಬೈಯಲ್ಲಿ ಯಾರೋ ಹಡಗಿನ ಅಡುಗೆಮನೆ ತೋರಿಸಿದರು. ಹತ್ತಿದವನು ಹತ್ತಿದ. ಮದುವೆಯಾದ ವಾರಕ್ಕೇ ಹೊರಟಿದ್ದ. ಆಗಿನಿಂದ ವರ್ಷದ ಮುಕ್ಕಾಲು ಪಾಲು ನೀರಿನದು, ಉಳಿದದ್ದು ಹಂಸಳದು.

"ಎಷ್ಟ್ ದೇಶ ನೋಡಿದೀಯಪ್ಪಾ ಮೂರ್ತಿ?" ಎಂದು ಓಣಿಯ ಹಿರಿಯರು ಕೇಳುತ್ತಾರೆ.

"ದೇಶ ಎಲ್ಲಿ ನೋಡ್ಲಿ ಸಾರ್. ಎಲ್ಲಾ ದೇಶದ ಕ್ರೇನ್ ನೋಡಿದೀನಿ."

ಅದು ತಮಾಷೆಯ ಮಾತಲ್ಲ ಎಂದು ಹಂಸಳಿಗೆ ಗೊತ್ತು. ಈಗಿನ ಹಡಗುಗಳು ಬಂದರಿನಲ್ಲಿ ನಿಲ್ಲುವುದೇ ಕೆಲವು ಗಂಟೆ. ಡಬ್ಬಗಳು ಇಳಿದವು, ಡಬ್ಬಗಳು ಹತ್ತಿದವು, ಹೊರಟಿತು. ಉಳಿದವರು ಪಾಳಿಯ ಮೇಲೆ ಒಂದು ಸುತ್ತು ಇಳಿದು ಬಂದಾರು, ಅಡುಗೆಯವನಿಗೆ ಪಾಳಿ ಎಲ್ಲಿಯದು? ಒಂದು ಹಡಗಿಗೆ ಒಬ್ಬನೇ ಭಂಡಾರಿ. ಭಾನುವಾರ ಎನ್ನುವುದಿಲ್ಲ, ಜ್ವರ ಎನ್ನುವುದಿಲ್ಲ. ಗಲ್ಫಿನ ಬೇಸಿಗೆಯಲ್ಲಿ ಕಬ್ಬಿಣದ ಗೋಡೆಯೇ ಹೆಂಚಿನ ಹಾಗೆ ಕಾಯುತ್ತದೆ, ಅದರೊಳಗೆ ಒಲೆ. ಫಿಲಿಪೀನ್ಸಿನವನಿಗೆ ಮೂರು ಹೊತ್ತೂ ಅನ್ನ ಬೇಕು, ಉಕ್ರೇನಿನ ಚೀಫ್ ಇಂಜಿನಿಯರಿಗೆ ಬೀಟ್‌ರೂಟಿನ ಸೂಪು ಬೇಕು, ಉತ್ತರದ ಕಡೆಯ ಹುಡುಗರಿಗೆ ರೊಟ್ಟಿ. ಯಾರ ಊಟ ಕೆಟ್ಟರೂ ಅವರ ತಿಂಗಳೇ ಕೆಡುತ್ತದೆ. ನೀರಿನ ನಡುವೆ ಮನುಷ್ಯನಿಗೆ ಎದುರು ನೋಡಲಿಕ್ಕೆ ಊಟ ಬಿಟ್ಟು ಬೇರೇನಿದೆ?

ಅವನ ಮುಂಗೈಗಳ ಮೇಲಿನ ಸುಟ್ಟ ಗಾಯಗಳನ್ನು ಹಂಸ ಪಂಚಾಂಗದಂತೆ ಓದಬಲ್ಲಳು. ಮೊಣಕೈ ಹತ್ತಿರದ್ದು ಮಗಳು ಸಂಹಿತಾಗೆ ಸೀತಾಳೆ ಸಿಡುಬು ಎದ್ದ ವರ್ಷದ್ದು. ಮಣಿಕಟ್ಟಿನ ಮೇಲಿನ ಉದ್ದನೆಯದು ಚಾವಣಿ ಸೋರಿದ ಮಳೆಗಾಲದ್ದು. ಅವಳು ಇಲ್ಲಿ ಬಕೆಟ್ ಇಡುತ್ತಿದ್ದಾಗ ಅಲ್ಲೆಲ್ಲೋ ಹಡಗು ಮಗ್ಗುಲು ಹೊರಳಿ ಕುದಿಯುವ ಸಾರು ಅವನ ಕೈಮೇಲೆ ಬಂದಿತ್ತು. ಅದಾದ ಮೇಲೆ ಅವನು ಯಾವ ಪಾತ್ರೆಯನ್ನೂ ಅರ್ಧಕ್ಕಿಂತ ಮೇಲೆ ತುಂಬುವುದಿಲ್ಲ. ಹಡಗಿನಲ್ಲಿ ಹಾಗೇ ಮಾಡಬೇಕಂತೆ. ಪಾತ್ರೆ ಅರ್ಧ, ಮುಚ್ಚಳಕ್ಕೆ ಒದ್ದೆ ಬಟ್ಟೆಯ ಕಟ್ಟು, ಒಲೆಯ ಸುತ್ತ ಕಂಬಿ. ಸಾಲದಿದ್ದರೆ ಇನ್ನೊಂದು ಸಲ ಇಟ್ಟರಾಯಿತು, ಮೈ ಸುಟ್ಟುಕೊಂಡರೆ ಇನ್ನೊಂದು ಮೈ ಎಲ್ಲಿಂದ ತರುವುದು.

ಮನೆಯಲ್ಲೂ ಕಾಫಿ ಅರ್ಧ ಲೋಟವೇ. ಪಕ್ಕದ ಮನೆಯ ಉಮ್ಮೆ ಕುಲ್ಸುಂ ರವಿಕೆ ಹೊಲಿಯುತ್ತಾಳೆ. ಹಂಸ ಸೀರೆಗೆ ಕುಚ್ಚು ಕಟ್ಟುತ್ತಾಳೆ. ಇಬ್ಬರೂ ಒಂದೇ ಜಗಲಿಯ ಮೇಲೆ ಕೂತು ಕೆಲಸ ಮಾಡುವಾಗ ಮೂರ್ತಿ ತಂದಿಡುವ ಲೋಟದೊಳಗೆ ಉಮ್ಮೆ ಕುಲ್ಸುಂ ಬಗ್ಗಿ ನೋಡುತ್ತಾಳೆ.

"ಹೊಯ್, ಇದೇನ್ ಅಕ್ಕಾ, ನಿಮ್ಮ್ ಮನೆಯವ್ರು ಕಾಫೀನೂ ರೇಷನ್‌ನಲ್ಲಿ ಕೊಡ್ತಾರಲ್ಲಾ! ನಮ್ಮ್ ಮನೆ ನೆಲ ಏನ್ ಅಲ್ಲಾಡತ್ತಾ?"

"ನೀನ್ ಕೂತಿರೋ ಕಡೆ ಅಲ್ಲಾಡಿದ್ರೂ ಅಲ್ಲಾಡ್ತು," ಎಂದು ಮೂರ್ತಿ ಒಳಗಿನಿಂದಲೇ ಹೇಳುತ್ತಾನೆ. ಸ್ವಲ್ಪ ದಪ್ಪಗಿರುವ ಉಮ್ಮೆ ಕುಲ್ಸುಂ ಸೂಜಿ ಕೆಳಗಿಟ್ಟು ಹೊಟ್ಟೆ ಹಿಡಿದು ನಗುತ್ತಾಳೆ.

ಅವನು ಹೇಳುವ ಕತೆಗಳೆಲ್ಲ ಹೀಗೇ, ನಗುವ ಕಡೆಯಿಂದ. ಹೋದ ಸಲ ಕೆಂಪು ಸಮುದ್ರ ದಾಟುವಾಗ ಸೈರನ್ ಹೊಡೆದು, ಎಲ್ಲರನ್ನೂ ಕೆಳಗಿನ ಇಂಜಿನ್ ಕೋಣೆಗೆ ಕಳಿಸಿ ಬಾಗಿಲು ಹಾಕಿದರಂತೆ. ಇವನು ಒಂದು ಬಕೆಟ್ ಬೇಯಿಸಿದ ಮೊಟ್ಟೆ ಹಿಡಿದುಕೊಂಡು ಇಳಿದನಂತೆ. ಕ್ಯಾಪ್ಟನ್ ಉಪ್ಪೆಲ್ಲಿ ಎಂದು ಕೇಳಿದರಂತೆ. ಇದಿಷ್ಟೇ ಅವನು ಹೇಳಿದ್ದು. ಸೈರನ್ ಏಕೆ ಹೊಡೆಯಿತು, ಅದೇ ವಾರ ಆ ನೀರಿನಲ್ಲಿ ಯಾವ ಹಡಗಿಗೆ ಬೆಂಕಿ ಬಿತ್ತು ಎನ್ನುವುದನ್ನು ಹಂಸ ಟಿವಿಯಲ್ಲಿ ನೋಡಿ ತಿಳಿದುಕೊಂಡಳು.

ಅವನ ತಾಯಿ ತೀರಿಕೊಂಡ ದಿನ ಹಡಗಿನಲ್ಲಿ ನಡೆದದ್ದೂ ಅವನ ಬಾಯಿಂದ ಬಂದದ್ದಲ್ಲ. ಅದು ಕೊರೋನಾದ ವರ್ಷ. ಹಡಗಿನವರನ್ನು ಯಾವ ದೇಶವೂ ಇಳಿಯಲು ಬಿಡುತ್ತಿರಲಿಲ್ಲ. ಕಾಂಟ್ರಾಕ್ಟ್ ಮುಗಿದು ತಿಂಗಳುಗಳೇ ಆದರೂ ಬದಲಿಯವರಿಲ್ಲ. ಲಂಗರು ಹಾಕಿ ನಿಂತಲ್ಲಿಂದ ದಡದ ದೀಪಗಳು ಕಾಣುತ್ತಿದ್ದವಂತೆ, ಬಸ್ಸು ಓಡಾಡುವುದೂ ಕಾಣುತ್ತಿತ್ತಂತೆ. ಇಲ್ಲಿ ಅತ್ತೆಯನ್ನು ಕಳಿಸಿಕೊಡುವಾಗ ಹಂಸಳ ತಮ್ಮ ಅನಂತರಾಮು ಮಗನ ಜಾಗದಲ್ಲಿ ನಿಂತ. ಅಲ್ಲಿ ಮೂರ್ತಿ ಫೋನು ಕೆಳಗಿಟ್ಟು ಗ್ಯಾಲಿಗೆ, ಅದೇ ಹಡಗಿನ ಅಡುಗೆಮನೆಗೆ, ಹೋದ. ಮಧ್ಯಾಹ್ನದ ಊಟ ಸರಿಯಾದ ಹೊತ್ತಿಗೇ ಆಯಿತು. ತಟ್ಟೆ ತೊಳೆಯಲು ಅವನು ಬಂದಾಗ ಸೆಕೆಂಡ್ ಆಫೀಸರ್ ಅಂಗಿಯ ತೋಳು ಮಡಚಿ ಆಗಲೇ ಅರ್ಧ ತೊಳೆದಿದ್ದ. ಇದನ್ನು ಹೇಳಿದ್ದು ಆ ಹಡಗಿನಲ್ಲಿದ್ದ ಮಂಗಳೂರಿನ ಹುಡುಗ, ಒಮ್ಮೆ ಮನೆಗೆ ಬಂದಿದ್ದಾಗ. ಮೂರ್ತಿ ಆಗ ಅಡುಗೆಮನೆಯಲ್ಲಿ ಬೋಂಡಾ ಕರಿಯುತ್ತಿದ್ದ.

ಅಡುಗೆಮನೆಯಲ್ಲೇ ಇರುತ್ತಿದ್ದ ಅವನು, ಯಾವಾಗಲೂ. ಹಂಸ ಇದನ್ನು ಗಮನಿಸಲು ಬಹಳ ವರ್ಷ ಬೇಕಾಯಿತು. ಮನೆಗೆ ಯಾರಾದರೂ ಬಂದರೆ ಬಾಗಿಲು ತೆಗೆದು, ಬನ್ನಿ ಬನ್ನಿ ಎಂದು ಕೂರಿಸಿ, ಅದೇ ಉಸಿರಿನಲ್ಲಿ ಒಳಗೆ ಹೋಗಿಬಿಡುತ್ತಾನೆ. ಕಾಫಿ ಬರುತ್ತದೆ, ತಿಂಡಿ ಬರುತ್ತದೆ, ಇನ್ನೂ ಬಿಸಿಯಾಗಿ ಇನ್ನೊಂದು ಬರುತ್ತದೆ. ಅವನು ಮಾತ್ರ ಬರುವುದಿಲ್ಲ.

ಸಂಹಿತಾಳನ್ನು ನೋಡಲು ಕೆ.ಆರ್. ಪುರದ ಕಡೆಯವರು ಬಂದ ದಿನವೂ ಹಾಗೇ ಆಯಿತು. ಹುಡುಗ ಲಿಖಿತ್ ಒಂದು ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುವವನು. ಇವಳು ಆಸ್ಪತ್ರೆಯ ಲ್ಯಾಬಿನಲ್ಲಿ. ಒಂದು ತರಬೇತಿಯಲ್ಲಿ ಪರಿಚಯವಾಗಿ, ಇಬ್ಬರೂ ಒಪ್ಪಿ, ಮನೆಯವರ ಒಪ್ಪಿಗೆಗೆಂದು ಬಂದಿದ್ದರು. ಹುಡುಗನ ತಂದೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಧಾರಾಳ ಮನುಷ್ಯ. ಎರಡನೇ ಸಲ ಕಾಫಿ ತಂದ ಮೂರ್ತಿಯ ಬೆನ್ನು ತಟ್ಟಿದರು.

"ಕಾಫಿ ಫಸ್ಟ್ ಕ್ಲಾಸ್ ಕಣಪ್ಪಾ. ಎಲ್ಲಿಯವನು ನೀನು? ಯಾರ್ ಹತ್ರ ಕೆಲ್ಸ ಮಾಡ್ತೀಯ?"

"ಇಲ್ಲೇ ಸಾರ್," ಎಂದ ಮೂರ್ತಿ. "ಈ ಮನೇಲೇ."

ಅವರು ಅನಂತರಾಮು ಕಡೆ ತಿರುಗಿ, "ಹುಡುಗಿ ತಂದೆಯವರು ಯಾವಾಗ ಬರ್ತಾರೆ?" ಎಂದು ಕೇಳಿದಾಗಲೇ ಎಲ್ಲರಿಗೂ ಗೊತ್ತಾದದ್ದು. ಪಾಪ, ಅವರು ಎದ್ದು ನಿಂತು ಕೈಮುಗಿದರು. ಮೂರ್ತಿಯೂ ಟ್ರೇ ಹಿಡಿದುಕೊಂಡೇ ಕೈಮುಗಿಯಲು ಹೋಗಿ ಲೋಟ ಉರುಳಿತು. ಎಲ್ಲರೂ ನಕ್ಕರು. ಸಂಹಿತಾ ನಗಲಿಲ್ಲ.

ನಿಶ್ಚಿತಾರ್ಥದ ಮಾತು ಬಂದದ್ದು ಅದರ ಮರುವಾರ. ಅವರ ಕಡೆಯ ಪದ್ಧತಿಯಂತೆ ಎರಡೂ ಮನೆಯ ತಂದೆಯರು ಚಾಪೆಯ ಮೇಲೆ ಎದುರುಬದುರು ಕೂತು ತಾಂಬೂಲದ ತಟ್ಟೆ ಬದಲಾಯಿಸಿಕೊಳ್ಳಬೇಕು. ಅಲ್ಲಿಗೆ ಮಾತು ಕೊಟ್ಟಂತೆ.

"ಅಡುಗೆ ನಂದು," ಎಂದ ಮೂರ್ತಿ. "ಮನೇಲೇ ಭಂಡಾರಿ ಇರೋವಾಗ ಬಾಡಿಗೆ ಅಡುಗೆಯವ್ರು ಯಾಕೆ?"

"ಅಪ್ಪ, ನೀವು ತಾಂಬೂಲಕ್ಕೆ ಕೂರ್ಬೇಕಲ್ಲ," ಎಂದಳು ಸಂಹಿತಾ.

"ಅನಂತು ಕೂತ್ಕೊಳ್ಳಲಿ ಬಿಡಮ್ಮ. ಅವನಿಗೆ ಅಭ್ಯಾಸ ಇದೆ."

ಮಾತಿನಲ್ಲಿ ಕಹಿಯಿರಲಿಲ್ಲ. ಅದು ನಿಜವೇ. ಸಂಹಿತಾಳ ನಾಮಕರಣಕ್ಕೆ, ಕಿವಿ ಚುಚ್ಚಿಸಲಿಕ್ಕೆ, ಅವಳು ದೊಡ್ಡವಳಾದಾಗಿನ ಆರತಿಗೆ, ಸ್ಕೂಲಿನ ಪೋಷಕರ ಸಭೆಗೆ, ಎಲ್ಲಕ್ಕೂ ಸೋದರಮಾವನೇ ಹೋಗಿ ಕೂತದ್ದು. ಸಂಹಿತಾ ಎದ್ದು ಹೋದಳು. ಆಮೇಲೆ ಬಟ್ಟೆ ಮಡಚುವಾಗ ಅಮ್ಮನ ಹತ್ತಿರ ಬಂದು ನಿಂತಳು.

"ಮಾಮ ಬೇಡ ಅಂತಲ್ಲಮ್ಮ. ಆದ್ರೆ ಆಲ್ಬಮ್ ತೆಗೆದ್ ನೋಡು. ಡಿಗ್ರಿ ತಗೊಂಡ್ ದಿನ ಕುಲ್ಸುಂ ಆಂಟಿ ಮೊಬೈಲ್ ಎತ್ತಿ ಹಿಡ್ಕೊಂಡಿದಾರೆ, ವಿಡಿಯೋ ಕಾಲ್‌ನಲ್ಲಿ ಅಪ್ಪ ಇದಾರೆ. ಕಣ್ಣು ಅರ್ಧ ಮುಚ್ಚಿ, ಬಾಯಿ ಅರ್ಧ ತೆಗ್ದು, ಸ್ಟಕ್ ಆಗಿ. ಅದೊಂದೇ ಫೋಟೋ. ಈ ಸಲ ಊರಲ್ಲೇ ಇದಾರೆ, ಆದ್ರೂ ಚಾಪೆ ಮೇಲೆ ಇರಲ್ಲ ಅಂದ್ರೆ…" ಎಂದವಳು ದುಪಟ್ಟಾ ತೆಗೆದುಕೊಂಡು ಮತ್ತೆ ಮಡಚಿದಳು. "ಅವರ್ ಕೈಯಿಂದಾನೇ ತಾಂಬೂಲ ಹೋಗ್ಬೇಕು. ನನಗೆ ಅಷ್ಟೇ ಆಸೆ."

ಸಂಜೆ ಜಗಲಿಯಲ್ಲಿ ಕುಚ್ಚು ಕಟ್ಟುತ್ತ ಹಂಸ ಗಂಡನನ್ನು ಕೇಳಿದಳು. ಬಯ್ಯಲಿಲ್ಲ. ಅವನಿಗೆ ರೇಷ್ಮೆ ದಾರದ ಒಂದು ತುದಿ ಹಿಡಿದುಕೊಳ್ಳಲು ಕೊಟ್ಟು, ಎದ್ದು ಹೋಗದಂತೆ ಮಾಡಿ, ಕೇಳಿದಳು.

"ಯಾಕ್ರೀ ಕೂರಲ್ಲ?"

ಅವನು ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಂಡ.

"ಹಡಗಲ್ಲಿ ಯಾರ್ಗೆ ಸಕ್ಕರೆ ಕಾಯಿಲೆ, ಯಾರ್ಗೆ ಈರುಳ್ಳಿ ಆಗಲ್ಲ, ಯಾರ್ ಹೆಂಡ್ತಿ ಜತೆ ಜಗಳ ಆಡ್ಕೊಂಡು ಊಟ ಬಿಟ್ಟಿದಾನೆ, ಎಲ್ಲಾ ಗೊತ್ತು ನನಗೆ. ಇಲ್ಲಿ ಹೊರಗಡೆ ಕೂತ್ರೆ ಯಾರ್ ಯಾರು ಅಂತಾನೇ ಗೊತ್ತಾಗಲ್ಲ ಹಂಸ. ಮೊನ್ನೆ ನಿಮ್ಮ್ ಚಿಕ್ಕಪ್ಪನ್ನ ಕರೆಂಟಿನೋರು ಅಂದ್ಕೊಂಡು ಮೀಟರ್ ತೋರಿಸ್ಬಿಟ್ಟೆ."

"ಹೂಂ. ಅವರೂ ಬಗ್ಗಿ ನೋಡಿದ್ರಂತೆ, ಚಿಕ್ಕಮ್ಮ ಹೇಳಿದ್ರು."

"ನಗ್ಬೇಡ ನೀನು."

"ನಗ್ತಿಲ್ಲ."

"ಚಾಪೆ ಮೇಲೆ ಕೂತಾಗ ಆ ಪುರೋಹಿತರು ಏನಾದ್ರೂ ಕೇಳಿದ್ರೆ? ಹುಡುಗೀದು ಯಾವ ನಕ್ಷತ್ರ, ಹುಟ್ಟಿದ್ದು ಎಷ್ಟ್ ಹೊತ್ತಲ್ಲಿ? ಅನಂತೂಗೆ ಬಾಯಿಪಾಠ. ನಾನು ಅವತ್ತು ಎಲ್ಲಿದ್ದೆ ಅಂತಾನೂ ನನಗೆ ನೆನಪಿಲ್ಲ. ಎಲ್ಲೋ ನೀರಲ್ಲಿದ್ದೆ." ಅವನು ದಾರದ ತುದಿಯನ್ನು ಅವಳ ಕೈಗೆ ಮರಳಿ ಕೊಟ್ಟ. "ಒಲೆ ಮುಂದೆ ನಿಂತ್ರೆ ನಾನ್ ಮನುಷ್ಯ. ಅಷ್ಟು ಮಾಡೋಕ್ ಬಿಡು. ಅವಳ ಒಂದು ಊಟಕ್ಕಾದ್ರೂ ನನ್ನ ಕೈ ಇರಲಿ."

ಮಗಳು ಕೈ ಎಂದದ್ದೂ ಇವನು ಕೈ ಎಂದದ್ದೂ ಬೇರೆಬೇರೆ ಎಂದು ಹಂಸ ಹೇಳಬೇಕೆಂದುಕೊಂಡಳು. ಆದರೆ ಗಂಡನನ್ನು ಒತ್ತಾಯ ಮಾಡುವ ಅಭ್ಯಾಸ ಅವಳಿಗೂ ಇರಲಿಲ್ಲ. ಬಂದವನು ಇಷ್ಟರಲ್ಲೇ ಹೋಗುತ್ತಾನೆ ಎಂದು ಎಲ್ಲ ಜಗಳಗಳನ್ನೂ ಬಾಯಲ್ಲೇ ಇಟ್ಟುಕೊಂಡು ಬಂದ ಸಂಸಾರ ಅವರದು.

ನಿಶ್ಚಿತಾರ್ಥದ ದಿನ ಓಣಿಗೆ ಶಾಮಿಯಾನ ಬಿತ್ತು. ಉಮ್ಮೆ ಕುಲ್ಸುಂ ಶಿವಾಜಿನಗರದಲ್ಲಿ ತನಗೆ ಗೊತ್ತಿದ್ದ ಅಂಗಡಿಯಿಂದ ಬಾಡಿಗೆ ಪಾತ್ರೆಗಳನ್ನು ತರಿಸಿದ್ದಳು. ಹಿತ್ತಲ ಸಂದಿಯಲ್ಲಿ ಗ್ಯಾಸ್ ಒಲೆಗಳನ್ನು ಹೂಡಿ ಮೂರ್ತಿ ಬೆಳಗಿನಿಂದಲೇ ನಿಂತಿದ್ದ. ಎಷ್ಟು ಅನ್ನ ಬೇಕು ಎಂದು ಅವನು ಕೇಳಿದಾಗ ಹಂಸ ಓಣಿಯ ಲೆಕ್ಕ ಹೇಳಿದ್ದಳು: ಈ ಅಳತೆಯ ತಪ್ಪಲೆ ನಾಲ್ಕು. ಇಲ್ಲಿ ಯಾರ ಮನೆಯ ಕಾರ್ಯವಾದರೂ ನಾಲ್ಕು ತಪ್ಪಲೆ ಅನ್ನವೆಂದರೆ ಇಷ್ಟು ಜನ ಎಂದು ಹೆಂಗಸರಿಗೆಲ್ಲ ಗೊತ್ತು.

ಅವನು ಕೆಲಸ ಮಾಡುವುದನ್ನು ನೋಡುವುದು ಚೆಂದ. ಬೇಳೆ ಹುಳಿಗೆ ಹದವಾಗಿ ಬೇಯುತ್ತಿತ್ತು, ಹುರುಳಿಕಾಯಿ ಒಂದೇ ಅಳತೆಗೆ ತುಂಡಾಗುತ್ತಿತ್ತು. ಮಾತಿಲ್ಲ, ಗಡಿಬಿಡಿಯಿಲ್ಲ. ಒಂದೊಂದು ತಪ್ಪಲೆ ಅನ್ನ ಇಳಿದಂತೆಯೂ ಮುಚ್ಚಳ ಹಾಕಿ, ಒದ್ದೆ ಬಟ್ಟೆ ಸುತ್ತಿ ಬಿಗಿಯಾಗಿ ಗಂಟು ಹಾಕಿ ಗೋಡೆಗೆ ಒತ್ತಿ ಇಟ್ಟ.

"ಭಾಯ್, ಓಡಿಹೋಗ್ತಾವಾ ಅವು? ಕಟ್ಟಿ ಹಾಕಿದೀರಲ್ಲ!" ಎಂದಳು ಉಮ್ಮೆ ಕುಲ್ಸುಂ.

"ನಿನ್ನ್ ಕಣ್ಣು ಬೀಳ್ದಿರ್ಲಿ ಅಂತ."

ಕೆ.ಆರ್. ಪುರದಿಂದ ವ್ಯಾನು ಬಂದಿತು. ಪುರೋಹಿತರು ಚಾಪೆ ಹಾಸಿಸಿ, ಎಲೆ ಅಡಿಕೆ, ತೆಂಗಿನಕಾಯಿ ಜೋಡಿಸಲು ಶುರುಮಾಡಿದರು. ಬಾಳೆ ಎಲೆ ತೆಗೆದುಕೊಳ್ಳಲು ಹಂಸ ಹಿತ್ತಲ ಕೋಣೆಗೆ ಹೋದಳು. ಬಾಗಿಲ ಹಿಂದೆ ಅಕ್ಕಿಯ ಚೀಲ ನೆಟ್ಟಗೆ ನಿಂತಿತ್ತು. ಖಾಲಿಯಾಗಿ ನೆಲಕ್ಕೆ ಬಿದ್ದಿರಬೇಕಾದ ಚೀಲ ಹೊಟ್ಟೆ ತುಂಬಿದವರ ಹಾಗೆ ಗೋಡೆಗೆ ಒರಗಿತ್ತು. ಕೈ ಹಾಕಿ ನೋಡಿದಳು. ಅರ್ಧ ಅಕ್ಕಿ ಹಾಗೇ ಇತ್ತು.

ಅವಳು ಸಂದಿಗೆ ಬಂದು ಮೊದಲ ತಪ್ಪಲೆಯ ಗಂಟು ಬಿಚ್ಚಿದಳು. ಅನ್ನ ಮಲ್ಲಿಗೆಯಂತಿತ್ತು. ಅರ್ಧಕ್ಕಿತ್ತು. ಎರಡನೆಯದು, ಮೂರನೆಯದು, ಎಲ್ಲವೂ ಗೆರೆ ಹಾಕಿದ ಹಾಗೆ ಅರ್ಧಕ್ಕೇ.

"ರೀ."

ಮೂರ್ತಿ ಒಗ್ಗರಣೆ ಸೌಟು ಹಿಡಿದು ಬಂದ. ತಪ್ಪಲೆಯೊಳಗೆ ನೋಡಿದ. ಏನು ತಪ್ಪಾಗಿದೆ ಎಂದು ಅವನಿಗೆ ಮೊದಲು ಗೊತ್ತಾಗಲಿಲ್ಲ. ತುಂಬಿದ ತಪ್ಪಲೆಯನ್ನೇ ನೋಡುತ್ತಿರುವವನ ಮುಖ ಅದು. ಆಮೇಲೆ ಹಂಸಳ ಮುಖ ನೋಡಿ, ಮತ್ತೆ ತಪ್ಪಲೆ ನೋಡಿ, ಮೆಲ್ಲಗೆ ಕುಕ್ಕರುಗಾಲಿನಲ್ಲಿ ಕೂತ.

"ನಾಲ್ಕು ಅಂದೆ ನೀನು."

"ನಾಲ್ಕು ಅಂದ್ರೆ ತುಂಬಾ ನಾಲ್ಕು ಕಣ್ರೀ."

"ನನಗೆ ಇದೇ ತುಂಬಾ ಹಂಸ," ಎಂದ ಸಣ್ಣ ದನಿಯಲ್ಲಿ. "ಕೈಗೆ ಬೇರೆ ಬರಲ್ಲ."

ಉಮ್ಮೆ ಕುಲ್ಸುಂ ಬಾಯಿಗೆ ಸೆರಗು ಒತ್ತಿಕೊಂಡಳು. ಮಗಳನ್ನು ಕೊಡುವ ಮನೆಯಲ್ಲಿ, ಗಂಡಿನ ಕಡೆಯವರ ಎಲೆಯ ಮುಂದೆ, ಅನ್ನ ಮುಗಿಯಿತು ಎನ್ನುವುದಕ್ಕಿಂತ ದೊಡ್ಡ ಮಾತು ಈ ಓಣಿಯಲ್ಲಿ ಇನ್ನೊಂದಿಲ್ಲ. ಅದನ್ನು ಮೊಮ್ಮಕ್ಕಳ ಕಾಲಕ್ಕೂ ಹೇಳುತ್ತಾರೆ.

ಮೂರ್ತಿ ಎದ್ದ. ಎದ್ದಾಗ ಅವನ ಮುಖ ಬದಲಾಗಿತ್ತು. ಗಾಬರಿ ಹೋಗಿ ಅಲ್ಲೊಂದು ನಿರಾಳ ಕಾಣಿಸಿತು, ಹಂಸಳ ಕಣ್ಣಿಗೆ ಅದು ತಪ್ಪಲಿಲ್ಲ.

"ಇನ್ನೂ ಹೊತ್ತಿದೆ. ಅಕ್ಕಿ ತೊಳೀತೀನಿ, ಎರಡು ಒಲೇಲೂ ಎಸರು ಇಡ್ತೀನಿ. ಇಳಿಸೋವರ್ಗೂ ನಾನು ಇಲ್ಲೇ ಇರ್ತೀನಿ. ಅನಂತೂಗೆ ಹೇಳ್ಬಿಡು, ಕೂತ್ಕೊಳ್ಳಲಿ."

ಅದೇ ಹೊತ್ತಿಗೆ ಅನಂತರಾಮು ಸಂದಿಯ ಬಾಗಿಲಿಗೆ ಬಂದ. ಜರಿ ಪಂಚೆ, ಹೆಗಲ ಮೇಲೆ ಶಲ್ಯ, ಇನ್ಶೂರೆನ್ಸ್ ಆಫೀಸಿನಲ್ಲಿ ಇಡೀ ದಿನ ಜನರಿಗೆ ಸಮಾಧಾನ ಹೇಳಿ ರೂಢಿಯಾದ ಮೃದು ದನಿ.

"ಭಾವ, ಕರೀತಿದಾರೆ. ಅಕ್ಕ, ಏನ್ ಮಾಡ್ಲಿ ಹೇಳು. ನಾನೇ ಕೂತ್ಬಿಡ್ಲಾ?"

ಹೂಂ ಎನ್ನುವುದು ಎಷ್ಟು ಸುಲಭವಾಗಿತ್ತು. ಎಲ್ಲ ವರ್ಷಗಳೂ ಹೂಂ ಎಂದೇ ಸಾಗಿದ್ದವು. ಕಿಟಕಿಯ ಸರಳಿನಾಚೆ, ಹಸಿರು ರೇಷ್ಮೆಯಲ್ಲಿ, ತಾನೇ ಕುಚ್ಚು ಕಟ್ಟಿದ ಸೆರಗಿನಲ್ಲಿ ಮಗಳು ಕೂತಿರುವುದು ಹಂಸಳಿಗೆ ಕಾಣಿಸುತ್ತಿತ್ತು. ಆ ಹುಡುಗಿ ಚಾಪೆಯ ಖಾಲಿ ಜಾಗ ನೋಡುತ್ತಿರಲಿಲ್ಲ. ನೋಡಬಾರದೆಂದು ಬೇರೆಲ್ಲೋ ನೋಡುತ್ತಿದ್ದಳು.

ಹಂಸ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಸೌಟು ಕೊಡಿ."

"ನೀನೇನ್ ಮಾಡ್ತೀಯ? ನೀನ್ ಹೊರಗಡೆ ನಿಂತ್ಕೋಬೇಕು, ತಾಯಿ ನೀನು."

"ನಾನು ಎಲ್ಲಾದಕ್ಕೂ ನಿಂತಿದೀನಿ. ಇವತ್ತು ಒಂದ್ ದಿನ ಕಿಟಕೀಲಿ ನೋಡ್ತೀನಿ. ಕೊಡಿ."

"ಇಷ್ಟ್ ದೊಡ್ಡ ಎಸರು ನಿನಗೆ ಅಭ್ಯಾಸ ಇಲ್ಲ, ಕೈ ಸುಟ್ಕೋತೀಯ…"

"ನಾನಿದೀನಲ್ಲಾ ಭಾಯ್," ಎಂದು ಉಮ್ಮೆ ಕುಲ್ಸುಂ ಬಳೆಗಳನ್ನು ಮೇಲೆ ಸರಿಸಿಕೊಂಡಳು. "ನಮ್ಮ್ ಮನೇಲಿ ಅರ್ಧಕ್ಕೆ ಮಾಡಿ ಗೊತ್ತೇ ಇಲ್ಲ. ತುಂಬಿ ಚೆಲ್ಲಬೇಕು, ಹಾಗೇ ಮಾಡೋದು."

ಮೂರ್ತಿ ಸೌಟು ಬಿಡಲಿಲ್ಲ. ಹಂಸ ಅದರ ಹಿಡಿಯನ್ನು ಅವನ ಕೈಯ ಮೇಲೇ ಹಿಡಿದಳು. ಆ ಉದ್ದನೆಯ ಕಲೆ ಅವಳ ಹೆಬ್ಬೆರಳ ಕೆಳಗೆ ಬಂತು.

"ಅತ್ತೆ ಹೋದ ದಿನ ನೀವು ಅಡುಗೆ ಮಾಡಿದ್ರಿ. ಅವತ್ತು ಅಲ್ಲಿ ಇನ್ನೊಬ್ರು ಇರ್ಲಿಲ್ಲ, ಮಾಡ್ಲೇಬೇಕಿತ್ತು. ನಾನೇನೂ ಕೇಳ್ಲಿಲ್ಲ ಆವಾಗ. ಇಲ್ಲಿ ನಾನಿದೀನಿ, ಇವಳಿದಾಳೆ, ಇಡೀ ಓಣಿ ಇದೆ. ಇಲ್ಲಿ ನೀವೊಬ್ರೇ ಅಡುಗೆಯವ್ರಲ್ಲ." ಅವಳು ಉಸಿರು ತೆಗೆದುಕೊಂಡಳು. "ಆ ಚಾಪೆ ಮೇಲೆ ಮಾತ್ರ ಬದಲಿಯವ್ರಿಲ್ಲ. ಇಷ್ಟ್ ದಿನ ಅನಂತೂನ ಕಳಿಸ್ತಾ ಇದ್ವಿ, ಅಷ್ಟೇ."

ಅನಂತರಾಮು ನೆಲ ನೋಡಿದ.

"ನಕ್ಷತ್ರ ಕೇಳಿದ್ರೆ?" ಎಂದ ಮೂರ್ತಿ. ಮಗುವಿನ ಹಾಗೆ ಕೇಳಿದ.

"ಅನುರಾಧಾ," ಎಂದ ಅನಂತರಾಮು. "ನಾನ್ ಹಿಂದೇನೇ ನಿಂತಿರ್ತೀನಿ ಭಾವ, ಕೇಳಿದ್ರೆ ಪಿಸುಗುಡ್ತೀನಿ. ಅವರೇನೂ ಕೇಳಲ್ಲ, ಅವರಿಗೇ ಹಸಿವು." ಹೆಗಲ ಮೇಲಿನ ಶಲ್ಯ ತೆಗೆದು ಅವನು ಮೂರ್ತಿಯ ಹೆಗಲಿಗೆ ಹಾಕಿದ. ಅಂಗಿಯ ಮೇಲಿನ ಅರಿಶಿನದ ಕಲೆ ಅದರಡಿ ಸರಿಯಾಗಿ ಮುಚ್ಚಿಹೋಯಿತು.

ಹೊರಗೆ ಪುರೋಹಿತರು ಗಂಟಲು ಸರಿಮಾಡಿಕೊಂಡರು. "ಹುಡುಗಿ ತಂದೆಯವರು? ಬನ್ನಿ ಯಜಮಾನ್ರೇ, ಹೊತ್ತು ಮೀರತ್ತೆ."

ಸೌಟಿನ ಭಾರ ಹಂಸಳ ಕೈಗೆ ಬಂತು. ಮೂರ್ತಿ ಸೊಂಟಕ್ಕೆ ಕಟ್ಟಿದ್ದ ಟವೆಲ್ ಬಿಚ್ಚಿ ಅದರಲ್ಲೇ ಕೈ ಒರೆಸಿಕೊಂಡ, ಬೆರಳೊಂದೊಂದನ್ನೂ ಒರೆಸಿದ, ಮತ್ತೆ ಒರೆಸಿದ. ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟು ತಿರುಗಿದ.

"ಎಸರು ಮರಳಿದ್ಮೇಲೇ ಅಕ್ಕಿ ಹಾಕು."

"ಹೂಂ."

"ಸುಮ್ನೆ ಕೈಯಾಡಿಸ್ತಾ ಇರ್ಬೇಡ, ಮುರಿಯತ್ತೆ."

"ಹೂಂ, ನಡೀರಿ."

"ಒಂದ್ ಅಗುಳು ಹಿಸುಕಿ ನೋಡು. ನಡುವೆ ಸಣ್ಣ ಚುಕ್ಕೆ ಇನ್ನೂ ಗಟ್ಟಿ ಇರೋವಾಗ್ಲೇ ಇಳ್ಸಿ, ಗಂಜಿ ಬಸಿದು, ಆಮೇಲೆ ಮುಚ್ಚಳ ಹಾಕಿ…"

"ಅಪ್ಪ," ಎಂದು ಹೊರಗಿನಿಂದ ಸಂಹಿತಾ ಕರೆದಳು. ಜೋರಾಗಿಯಲ್ಲ. ಪಕ್ಕದ ಕೋಣೆಯಲ್ಲಿರುವವರನ್ನು ಕರೆಯುವಷ್ಟೇ.

"ಆಮೇಲೆ ಮುಚ್ಚಳ ಹಾಕಿ ಒಂದು ಹತ್ತು…" ಎನ್ನುತ್ತಲೇ ಅವನು ಶಲ್ಯದ ತುದಿ ಹಿಡಿದುಕೊಂಡು, ಕಾಲು ಅಗಲಿಸಿ ಹೊಸ್ತಿಲು ದಾಟಿ, ಚಾಪೆಯ ಕಡೆಗೆ ನಡೆದುಬಿಟ್ಟ.